ಮಾವನವರ ‘ಇನ್ನೊಂದು’

ಬ್ರಿಜ್ ಆಟದಲ್ಲಿ ಎದುರಾಳಿಗಳ ಕಾಟವನ್ನು ಹೇಗೋ ಸಹಿಸಬಹುದು. ಕಾಟ ಕೊಡುವವರು ನಮ್ಮದೇ ಜೋಡಿಯಾಗಿದ್ದು, ಮೇಲಾಗಿ ಹೆಂಡತಿಯ ತಂದೆಯೂ ಆಗಿದ್ದರೆ ಯಾರ ಮುಂದೆ ಹೇಳಿಕೊಳ್ಳಬೇಕು? ಯುದ್ಧದ ವರ್ಷಗಳಲ್ಲಿ, ಪುಣೆಯ ಬುಧವಾರ ಪೇಠೆಯ ಒಂದು ಖಾನಾವಳಿಯ ಮಾಳಿಗೆಯ ಮೇಲಿದ್ದ ನಮ್ಮ ಕ್ಲಬ್ಬಿನಲ್ಲಿ, ರವಿವಾರ ಬಂತೆಂದರೆ ನನಗೆ ಇದೇ ಗತಿ.

ಮಾವನವರು ಗದಗಿನ ಕಡೆಯಿಂದ ಬಂದು ಪೇಠೆಯಲ್ಲಿ ಅರಿವೆ ಅಂಗಡಿ ಇಟ್ಟವರು. ನಾನು ಕಚೇರಿಯ ಗುಮಾಸ್ತ. ಕ್ಲಬ್ಬಿನಲ್ಲಿ ನನಗೆ ಸ್ವಂತ ಹೆಸರೇ ಇರಲಿಲ್ಲ. ಅಂಗಡಿಯವರ ಅಳಿಯ, ಅಷ್ಟೆ. ಕ್ಲಬ್ಬಿಗೆ ಸೇರಿಸಿದವರೂ ಅವರೇ ಆದ್ದರಿಂದ ಅವರನ್ನು ಬಿಟ್ಟು ಬೇರೆಯವರ ಜೋಡಿಯಾಗುವ ಮಾತೇ ಇರಲಿಲ್ಲ. ಆ ವರ್ಷ ಮುಂಬಯಿಯ ಕ್ಲಬ್ಬೊಂದರ ಜೊತೆ ಪಂದ್ಯ ಗೊತ್ತಾಗಿತ್ತು. ದಸರೆಯ ಹೊತ್ತಿಗೆ ಅಂಕದಲ್ಲಿ ಮೇಲಿರುವ ಎರಡು ಜೋಡಿಗಳು ಹೋಗಬೇಕೆಂದು ನಿರ್ಧಾರವಾಯಿತು. ನನಗೆ ಆ ಪಂದ್ಯ ಬೇಕಿತ್ತು. ಒಮ್ಮೆಯಾದರೂ ಜನ ನನ್ನನ್ನು ನನ್ನ ಆಟದಿಂದ ಗುರುತಿಸಲಿ ಎಂಬ ಹಟ ಹಿಡಿದಿತ್ತು.

ಅಡ್ಡ ಬಂದದ್ದು ಮಾವನವರ ಉಪಚಾರ. ನಮ್ಮ ಕಡೆ ಊಟಕ್ಕೆ ಕೂತ ಅಳಿಯ ಸಾಕು ಎಂದರೆ ಅದು ಸಾಕು ಅಲ್ಲ. ಇನ್ನೊಂದು ಹೋಳಿಗೆ ಬೀಳಲೇಬೇಕು. ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ತುಪ್ಪ ಸುರಿಯುತ್ತಾರೆ. ಪಂಕ್ತಿಯಲ್ಲಿ ಅದು ಚಂದ. ಮಾವನವರು ಅದನ್ನು ಬ್ರಿಜ್ ಮೇಜಿಗೂ ತಂದಿದ್ದರು.

ಬ್ರಿಜ್‌ನಲ್ಲಿ ಎಷ್ಟು ಕೈ ಗೆಲ್ಲುತ್ತೇವೆಂದು ಆಡುವ ಮೊದಲೇ ಕೂಗಬೇಕು. ನಾಲ್ಕು ಬದಾಮ ಎಂದರೆ ಬದಾಮವನ್ನು, ಅಂದರೆ ಇಸ್ಪೀಟಿನ ಹಾರ್ಟ್ ಎಲೆಗಳನ್ನು, ಹುಕುಂ (ತುರುಫು) ಮಾಡಿಕೊಂಡು, ಆರರ ಮೇಲೆ ನಾಲ್ಕು, ಒಟ್ಟು ಹತ್ತು ಕೈ ಗೆಲ್ಲಬೇಕು. ಗೆದ್ದರೆ ದೊಡ್ಡ ಅಂಕ. ಮೂರು ಕೂಗಿ ಹತ್ತು ಗೆದ್ದರೆ ಸಿಗುವುದು ಚಿಲ್ಲರೆ. ಐದು ಕೂಗಿ ಹತ್ತಕ್ಕೇ ನಿಂತರೆ ದಂಡ. ನಾನು ತಲೆ ಕೆರೆದು ಲೆಕ್ಕ ಹಾಕಿ ನಾಲ್ಕು ಎನ್ನುತ್ತಿದ್ದೆ. ಮಾವನವರು ತಮ್ಮ ಎಲೆಗಳತ್ತ ಕಣ್ಣು ಕೂಡ ಹಾಯಿಸದೆ, ನನ್ನನ್ನು ನೋಡಿ ನಕ್ಕು, ಐದು ಎನ್ನುತ್ತಿದ್ದರು.

“ಮಾವನವರ, ನಾಲ್ಕಕ್ಕ ಬಿಡಬೇಕಿತ್ತಲ್ರಿ,” ಎಂದು ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದೆ.

“ಹ್ಯಾಂಗ ಬಿಡ್ಲಿಕ್ಕಾಗ್ತದ್ರಿ? ನೀವು ಭಾಳ ಸಂಕೋಚದ ಮನುಷ್ಯಾರು. ನೀವು ನಾಲ್ಕ ಅಂದಾಗ ನಾ ಸುಮ್ಮ ಕೂತ್ರ ಮಂದಿ ಏನಂದಾರು?”

ಮಂದಿ ಬಾಯಿಗೆ ಧೋತರದ ಚುಂಗು ಒತ್ತಿಕೊಂಡು ನಗುತ್ತಿದ್ದರು. ಎಲೆಯೇ ಕೆಟ್ಟದಿತ್ತು ಎಂದು ಹೇಳಿಕೊಳ್ಳುವ ಸುಖವೂ ನನಗಿರಲಿಲ್ಲ. ನಮ್ಮದು ಡೂಪ್ಲಿಕೇಟ್. ಹಂಚಿದ ಎಲೆಗಳು ನಾಲ್ಕು ಗೂಡಿನ ಕಟ್ಟಿಗೆಯ ತಟ್ಟೆಯಲ್ಲಿ ಮೇಜಿನಿಂದ ಮೇಜಿಗೆ ಹೋಗುತ್ತವೆ. ಅವನ್ನೇ ಎಲ್ಲರೂ ಆಡುತ್ತಾರೆ. ನಾವು ಮುಳುಗಿದ ಎಲೆಗಳಲ್ಲೇ ಉಳಿದವರೆಲ್ಲ ತೇಲಿದ್ದನ್ನು ಕಾರ್ಯದರ್ಶಿಗಳಾದ ಮರಾಠಿ ಮಾಸ್ತರರು ಎಲ್ಲರೆದುರು ಓದಿ ಹೇಳುತ್ತಿದ್ದರು.

ಮನೆಗೆ ಬಂದು ಹೆಂಡತಿಯ ಮೇಲೆ ಹರಿಹಾಯುತ್ತಿದ್ದೆ. “ನಿಮ್ಮಪ್ಪಗ ನೀನರ ಹೇಳು!”

“ನಾ ಹ್ಯಾಂಗ ಹೇಳಲ್ರಿ? ಅವರ ಮನಸಿಗೆ ಹತ್ತಿದರ?” ಎಂದು ಅವಳು ಒಳಗೆ ಹೋಗಿಬಿಡುತ್ತಿದ್ದಳು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಕೊನೆಗೆ ನಾನೇ ಒಂದು ಉಪಾಯ ಹೂಡಿದೆ. ನಾಲ್ಕು ಬೇಕಾದಾಗ ಮೂರು ಕೂಗುವುದು. ಇನ್ನೊಂದನ್ನು ಹೇಗೂ ಮಾವನವರು ಬಡಿಸುತ್ತಾರೆ! ಇದನ್ನು ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಇಲ್ಲ. ನಾನು ಮೂರು ಎನ್ನುವುದು, ಅವರು ನಕ್ಕು ನಾಲ್ಕು ಎನ್ನುವುದು, ಹತ್ತು ಕೈ ಬರುವುದು. ಶ್ರಾವಣ ಕಳೆಯುವಷ್ಟರಲ್ಲಿ ನಾವು ಮೂರನೆಯ ಜಾಗಕ್ಕೆ ಬಂದೆವು. ನಗುವವರ ಬಾಯಿ ಕಟ್ಟಿತು.

ಆಯ್ಕೆಯ ಕೊನೆಯ ರವಿವಾರ ಒಳ್ಳೆಯ ಎಲೆಗಳೆಲ್ಲ ಎದುರಾಳಿಗಳಿಗೇ ಬಿದ್ದವು. ನಮಗೆ ಕೂಗುವ ಅವಕಾಶವೇ ಬರಲಿಲ್ಲ. ಆದರೂ ಬಿಗಿಯಾಗಿ ಆಡಿ ಎರಡನೆಯ ಜೋಡಿಯ ಸಮಕ್ಕೆ ಬಂದಿದ್ದೆವು. ಕಟ್ಟಕಡೆಯ ತಟ್ಟೆಯಿಂದ ನನ್ನ ಎಲೆಗಳನ್ನು ತೆಗೆದು ನೋಡುತ್ತೇನೆ, ಬದಾಮದ ಎಕ್ಕಾ, ರಾಜ, ರಾಣಿ, ಮೂವರೂ ನನ್ನ ಕೈಯಲ್ಲಿ. ನಾಲ್ಕಕ್ಕೆ ಹೇಳಿ ಮಾಡಿಸಿದ ಎಲೆಗಳು. ಮುಖ ಸಪ್ಪೆ ಮಾಡಿಕೊಂಡು “ಮೂರು ಬದಾಮ” ಎಂದೆ.

ಮಾವನವರು ನನ್ನನ್ನು ನೋಡಿದರು. ಬಾಯಿ ತೆರೆದರು, ಮುಚ್ಚಿದರು. ಗಂಟಲಿಗೆ ಬಂದದ್ದನ್ನು ಕಷ್ಟಪಟ್ಟು ನುಂಗಿಕೊಂಡವರ ಹಾಗೆ ಕಂಡರು. ಆಮೇಲೆ ಬಹಳ ಗಂಭೀರವಾಗಿ “ಪಾಸ್” ಎಂದರು.

ಕೂಗು ಅಲ್ಲಿಗೇ ಮುಗಿಯಿತು. ಕೂಗಿದವನ ಜೋಡಿಯಾಗಿ ಆಟದ ನಿಯಮದಂತೆ ಅವರು ಮೇಜಿನ ಮೇಲೆ ಬಿಚ್ಚಿಟ್ಟ ಎಲೆಗಳನ್ನು ನೋಡಿ ನನಗೆ ಅಳು ಬರುವುದೊಂದು ಬಾಕಿ. ಜನ್ಮದಲ್ಲಿ ಮೊದಲ ಸಲ, ಇನ್ನೊಂದು ಕೂಗಲು ಅವರ ಹತ್ತಿರ ನಿಜವಾಗಿ ಎಲೆಗಳಿದ್ದವು. ಹತ್ತಲ್ಲ, ಹನ್ನೊಂದು ಕೈ ಬಂದವು. ಉಳಿದ ಮೇಜಿನವರೆಲ್ಲ ನಾಲ್ಕು ಕೂಗಿದ್ದರು. “ತೀನವರಚ ಥಾಂಬಲಾತ?” ಎಂದರು ಮಾಸ್ತರರು, ಮೂರಕ್ಕೇ ನಿಂತಿರಾ ಎಂದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮುಂಬಯಿಗೆ ಆ ಇನ್ನೊಂದು ಜೋಡಿ ಹೋಯಿತು.

ಮಾಳಿಗೆಯ ಮೆಟ್ಟಿಲಿಳಿಯುವಾಗ ಮಾವನವರು ನನ್ನ ಭುಜದ ಮೇಲೆ ಕೈಯಿಟ್ಟರು.

“ನಾ ಏರಿಸಿ ಕೂಗೋದು ನಿಮಗ ಸೇರೂದಿಲ್ಲಂತ ಮುಂಜಾನೆ ಮಗಳು ಹೇಳಿದಳ್ರಿ. ನನ್ನಿಂದ ನಿಮಗ ಇಷ್ಟ ತ್ರಾಸ ಆಗ್ತದಂತ ಗೊತ್ತಿರಲಿಲ್ಲ. ಕೈಯಾಗ ಎಂಥಾ ಎಲಿ ಇದ್ವು! ಆದರೂ ತಡಕೊಂಡೆ. ಇವತ್ತ ನಿಮ್ಮ ಮಾತು ನಡೆಸಿದೆ, ಹೌದಲ್ರಿ?”

ಮುಖದ ತುಂಬ ಸಂತೋಷ. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂದಿತ್ತು; ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯಲಿಲ್ಲ. “ಹೌದ್ರಿ,” ಎಂದೆ.

ಆ ಸಂಜೆ ಊಟ ಅವರ ಮನೆಯಲ್ಲೇ. ರೇಷನ್ನಿನ ಕಾಲದಲ್ಲೂ ಅಳಿಯನಿಗೆಂದು ಅತ್ತೆಯವರು ಹೋಳಿಗೆ ಮಾಡಿದ್ದರು. ಮಧ್ಯಾಹ್ನ ಆಟದ ಚಿಂತೆಯಲ್ಲಿ ನಾನು ಸರಿಯಾಗಿ ಉಂಡಿರಲಿಲ್ಲ, ಹೊಟ್ಟೆ ಚುರುಗುಟ್ಟುತ್ತಿತ್ತು. ಒಂದು ಹೋಳಿಗೆ ಮುಗಿಸಿ, ರೂಢಿಯಂತೆ ಎಲೆಗೆ ಕೈ ಅಡ್ಡ ಹಿಡಿದು “ಸಾಕ್ರಿ” ಎಂದೆ.

ಇನ್ನೊಂದು ಬಡಿಸಲು ಬಗ್ಗಿದ್ದ ಮಾವನವರು ನೆಟ್ಟಗಾದರು.

“ಅಳಿಯಂದ್ರು ಸಾಕಂದ್ರ ಸಾಕು. ಯಾರೂ ಒತ್ತಾಯ ಮಾಡಬ್ಯಾಡ್ರಿ,” ಎಂದು ಒಳಗಿನವರಿಗೂ ಕೇಳುವಂತೆ ಹೇಳಿ, ಹೋಳಿಗೆಯ ಬುಟ್ಟಿ ಎತ್ತಿಕೊಂಡು ಮುಂದಿನ ಎಲೆಗೆ ಹೋದರು.