ಮುಳ್ಳು ಮೇಸ್ತ್ರಿಯ ದಪ್ಪ ಎಣ್ಣೆ

ರೇಸ್ ಕಾರಿನ ಶೆಡ್ಡಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಎಲ್ಲರ ಬಾಯಲ್ಲೂ ಅವನು ಮುಳ್ಳು ಮೇಸ್ತ್ರಿ. ಇಂಜಿನ್ ಶುರುವಾದಾಗ ಮಿಕ್ಕವರು ಸದ್ದಿಗೆ ಕಿವಿ ಕೊಟ್ಟರೆ, ಇವನ ಕಣ್ಣು ಮಾತ್ರ ಎಣ್ಣೆಯ ಒತ್ತಡ ತೋರಿಸುವ ಮೀಟರಿನ ಮುಳ್ಳಿಗೆ ಅಂಟಿಕೊಂಡಿರುತ್ತಿತ್ತು. ಮುಳ್ಳು ಮೇಲೆದ್ದು ನಿಂತರೆ ಮುಖ ಅರಳುತ್ತಿತ್ತು. ಒಂದಿಷ್ಟು ಇಳಿಯಿತೋ, ಅವತ್ತು ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಎಣ್ಣೆ ಆರಿಸುವುದೂ ಹಾಗೆಯೇ. ಡಬ್ಬದ ಮೇಲೆ ಏನು ಬರೆದಿದೆ ಎಂದು ನೋಡುವ ಆಸಾಮಿಯಲ್ಲ. ಎರಡು ಬೆರಳ ನಡುವೆ ಒಂದು ತೊಟ್ಟು ಉಜ್ಜುವನು. ದಪ್ಪಗೆ ಅಂಟಿದರೆ ಸರಿ, ನೀರಿನ ಹಾಗೆ ಜಾರಿದರೆ ಡಬ್ಬ ಮೂಲೆಗೆ. ಲೋಹಕ್ಕೂ ಲೋಹಕ್ಕೂ ಮಧ್ಯೆ ಹಾಸಿಗೆ ಇರಬೇಕು, ಬರೀ ಹೊದಿಕೆ ಸಾಲದು ಎಂಬುದು ಅವನ ವಾದ.

ಆ ಕಾರನ್ನು ಓಡಿಸುತ್ತಿದ್ದವಳು ಅವನ ಮಗಳೇ. ಅಪ್ಪನ ಮುಲಾಜಿನಿಂದ ಸಿಕ್ಕ ಸೀಟಲ್ಲ ಅದು, ಹಟ ಹಿಡಿದು ಗೆದ್ದು ಸಂಪಾದಿಸಿದ್ದು. ಹೋದ ವರ್ಷ ಓನರು ಹಳೆಯ ಇಂಜಿನ್ ತೆಗೆಸಿ ಹೊಸದು ಹಾಕಿಸಿದರು ನೋಡಿ, ಅಲ್ಲಿಂದ ಶುರುವಾಯಿತು ಕಾಟ. ರೇಸ್ ಮುಗಿಸಿ ಬಂದ ಇಂಜಿನ್ ಬಿಚ್ಚಿದರೆ ತಿರುಗುವ ದಂಡವನ್ನು ಹೊತ್ತ ಬೇರಿಂಗುಗಳ ಮೇಲಿನ ಬೂದು ಪದರವೆಲ್ಲ ಸವೆದು, ಒಳಗಿನ ತಾಮ್ರ ಹಲ್ಲು ಕಿರಿಯುತ್ತಿತ್ತು. ಹೊಸ ಬೇರಿಂಗ್ ಹಾಕು, ಇನ್ನಷ್ಟು ದಪ್ಪ ಎಣ್ಣೆ ಸುರಿ, ಮುಂದಿನ ಸಲ ಮತ್ತೆ ಅದೇ ರಾಮಾಯಣ. ಮೇಸ್ತ್ರಿಗೆ ತಲೆ ಚಿಟ್ಟು ಹಿಡಿದು ಹೋಯಿತು. ಪಂಪು ಬದಲಾಯಿಸಿದ, ಸ್ಪಾನರ್ ಎತ್ತಿ ಗೋಡೆಗೆ ಎಸೆದ, ಫಿಲ್ಟರ್ ಮಾರಿದವನ ಜನ್ಮ ಜಾಲಾಡಿದ. ಮುಳ್ಳು ನೋಡಿದರೆ ಠೀವಿಯಿಂದ ಮೇಲೆಯೇ ಇದೆ! ಎಣ್ಣೆಯದು ತಪ್ಪಿಲ್ಲ ಎಂದಮೇಲೆ ಇನ್ನು ಉಳಿದದ್ದು ಏನು? ಆಕ್ಸಿಲರೇಟರ್ ಒತ್ತುವ ಮಗಳ ಕಾಲು.

"ನಿಂದು ಕಾಲಲ್ಲ ಕಣೇ, ಕಲ್ಲು," ಎಂದ ಒಂದು ದಿನ, ಶೆಡ್ಡಿನ ಎಲ್ಲರೆದುರು. "ನೇರ ದಾರಿ ಮುಗಿಯೋಕೆ ಮುಂಚೆನೇ ಕಾಲು ಎತ್ತು. ಕೊನೇವರೆಗೂ ಒತ್ತಿ ಹಿಡಿದ್ರೆ ಯಾವ ಇಂಜಿನ್ ತಾನೇ ಉಳಿಯುತ್ತೆ?"

ಅವಳು ಮೊದಮೊದಲು ವಾದ ಮಾಡಿದಳು. ಆದರೆ ಇವನು ಬಿಡಬೇಕಲ್ಲ. ಓನರ ಮುಂದೆ ಅದೇ, ಟೈರ್ ಹಾಕುವವರ ಮುಂದೆ ಅದೇ, ಮನೆಯಲ್ಲಿ ತಟ್ಟೆ ಮುಂದೆ ಕೂತರೂ ಅದೇ. ಅನ್ನ ತಿನ್ನುವಾಗಲಾದರೂ ಅವಳ ಕಾಲಿನ ಸುದ್ದಿ ಬಿಡಿ ಎಂದು ಹೆಂಡತಿ ಗದರಿಸಿದ್ದೂ ಕಿವಿಗೆ ಬೀಳಲಿಲ್ಲ. ಕೊನೆಗೆ ಮಗಳು ಬಾಯಿ ಮುಚ್ಚಿದಳು. ಹೇಳಿದ ಹಾಗೆಯೇ ಕಾಲು ಎತ್ತಲು ಕಲಿತಳು. ಹಿಂದೆ ಇದ್ದವರೆಲ್ಲ ಅವಳನ್ನು ದಾಟಿ ಹೋಗತೊಡಗಿದರು. ಬೇರಿಂಗ್ ಮಾತ್ರ ಸವೆಯುತ್ತಲೇ ಇತ್ತು. ಓನರ ತಾಳ್ಮೆ ತಪ್ಪಿತು. ಸ್ವಂತ ಅಪ್ಪನೇ ಇವಳು ಇಂಜಿನ್ ತಿನ್ನುತ್ತಾಳೆ ಅನ್ನುತ್ತಿರುವಾಗ ಇನ್ಯಾರನ್ನು ಕೇಳಬೇಕು ಎಂದು ಕಾರನ್ನು ಹೊಸ ಡ್ರೈವರಿಗೆ ಕೊಟ್ಟರು. ಮೇಸ್ತ್ರಿ ತಡೆಯಲು ಹೋಗಲಿಲ್ಲ. ಸಾಕ್ಷಿ ಹೇಳಿದವನು ಅವನೇ ಅಲ್ಲವೇ?

ಹೊಸ ಡ್ರೈವರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಓಡಿಸುವವನು. ಅವನು ಮೊದಲ ರೇಸ್ ಮುಗಿಸಿ ಬಂದ ಮೇಲೆ ಮೇಸ್ತ್ರಿ ಇಂಜಿನ್ ಬಿಚ್ಚಿದ. ತಾಮ್ರ! ಮಗಳು ಓಡಿಸಿದಾಗಿನದಕ್ಕಿಂತ ಜಾಸ್ತಿ. ಅಲ್ಲೇ ನೆಲದ ಮೇಲೆ ಕುಕ್ಕರಿಸಿದ. ಆಮೇಲೆ ಎದ್ದು ಬೇರಿಂಗಿಗೂ ದಂಡಕ್ಕೂ ನಡುವಿನ ಸಂದು ಅಳೆದ. ಹಳೆಯ ಇಂಜಿನ್ನಿನ ಅರ್ಧದಷ್ಟೂ ಇಲ್ಲ. ಜೋಡಿಸುವಾಗ ಅಳೆದವನೂ ಅವನೇ, ಎಣ್ಣೆ ಆರಿಸಿದವನೂ ಅವನೇ, ಎರಡನ್ನೂ ಒಟ್ಟಿಗೆ ಇಟ್ಟು ಯೋಚಿಸುವ ಬುದ್ಧಿ ಮಾತ್ರ ಬಂದಿರಲಿಲ್ಲ. ಆ ಕಿರಿದಾದ ಸಂದಿಗೆ ದಪ್ಪ ಎಣ್ಣೆ ಸಾಕಷ್ಟು ಇಳಿಯುತ್ತಲೇ ಇರಲಿಲ್ಲ. ಇಳಿಯದೆ ಹಿಂದೆಯೇ ನೂಕಾಡುತ್ತಿತ್ತು, ಅದಕ್ಕೇ ಮುಳ್ಳು ಮೇಲೇರುತ್ತಿತ್ತು. ಮೂಲೆಗೆ ತಳ್ಳಿದ್ದ ತೆಳು ಎಣ್ಣೆ ಸುರಿದು, ಹೊಸ ಬೇರಿಂಗ್ ಹಾಕಿ ಓಡಿಸಿ ಬಿಚ್ಚಿ ನೋಡಿದ. ಬೂದು ಪದರ ಇದ್ದ ಹಾಗೇ ಇತ್ತು. ಕುಣಿದಾಡಬೇಕಾದವನು ದಪ್ಪ ಎಣ್ಣೆಯ ಡಬ್ಬವನ್ನು ಒದ್ದು ಹೊರಟ.

ನೆಟ್ಟಗೆ ಓನರ ಬಳಿ ಹೋಗಿ ತಪ್ಪು ತನ್ನದು, ಮಗಳಿಗೆ ಸೀಟು ವಾಪಸ್ ಕೊಡಿ ಎಂದ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಸವೆತದ ಮಾತು ಬಿಡಿ ಮೇಸ್ತ್ರಿ, ಅದನ್ನ ಒಪ್ಕೊಂಡೆ," ಎಂದರು. "ಆದ್ರೆ ನಿಮ್ಮ ಮಗಳು ನಿಧಾನ. ನೇರ ದಾರಿ ಇನ್ನೂ ಇರುವಾಗ್ಲೇ ಕಾಲು ಎತ್ತಿಬಿಡ್ತಾಳೆ. ಪುಕ್ಕಲರಿಗೆ ಈ ಕೆಲಸ ಆಗಲ್ಲ."

ಅದನ್ನು ಕಲಿಸಿದವನು ತಾನೇ ಎಂದು ಮೇಸ್ತ್ರಿ ಗೋಗರೆದ. ಕಾಡಿ ಬೇಡಿ ಒಂದು ಬೆಳಗ್ಗೆ ಟ್ರ್ಯಾಕ್ ಕೊಡಿಸಿಕೊಂಡ. ಹೊಸ ಡ್ರೈವರನಷ್ಟು ಬೇಗ ಒಂದು ಸುತ್ತು ಬಂದರೆ ಸಾಕು, ಸೀಟು ಅವಳದೇ ಎಂದು ಓನರು ಮಾತು ಕೊಟ್ಟರು.

ಆ ಬೆಳಗ್ಗೆ ಇಂಜಿನ್ ಚೆನ್ನಾಗಿ ಬಿಸಿಯಾಗುವ ತನಕ ಕಾದು, ಮೇಸ್ತ್ರಿ ಕಾರಿನೊಳಗೆ ಬಗ್ಗಿ ಮಗಳಿಗೆ ಹೇಳಿದ: "ಕೊನೇವರೆಗೂ ಒತ್ತು ಮಗಳೇ. ಏನಾದ್ರೂ ಆದ್ರೆ ನನ್ನ ತಲೆ ಮೇಲೆ."

ಅವಳು ಹೊರಟಳು. ನೇರ ದಾರಿಯಲ್ಲಿ ಸದ್ದು ಏರಿತು, ಇನ್ನೂ ಏರಿತು, ಆಮೇಲೆ ತಿರುವು ಇನ್ನೂ ದೂರವಿರುವಾಗಲೇ ಕುಗ್ಗಿತು. ಎರಡನೇ ಸುತ್ತಿನಲ್ಲೂ ಅಷ್ಟೇ. ಮೇಸ್ತ್ರಿ ಟ್ರ್ಯಾಕಿನ ಗೋಡೆಯ ಪಕ್ಕ ನಿಂತು ಎರಡೂ ಕೈ ಬೀಸಿ, ಒತ್ತು, ಒತ್ತು ಎಂದು ಗಂಟಲು ಹರಿಯುವ ಹಾಗೆ ಕೂಗಿದ. ಅಷ್ಟು ಸದ್ದಿನಲ್ಲಿ ಯಾರಿಗೆ ಕೇಳಬೇಕು? ಮೂರನೆಯ ಸಲವೂ ಅದೇ ಜಾಗದಲ್ಲಿ ಸದ್ದು ಕುಗ್ಗಿದಾಗ ಓನರು ಗಡಿಯಾರ ಜೇಬಿಗೆ ಹಾಕಿಕೊಂಡು ಹೊರಟುಹೋದರು.

ಮಗಳು ಇಳಿದು ಹೆಲ್ಮೆಟ್ ತೆಗೆದಳು. ಕಣ್ಣು ಕೆಂಪಗಾಗಿತ್ತು.

"ಒತ್ತಬೇಕು ಅಂತಾನೇ ಹೋಗ್ತೀನಪ್ಪ. ಅಲ್ಲಿಗೆ ಬರ್ತಿದ್ದ ಹಾಗೆ ನೀನು ಬೈದಿದ್ದು ಕೇಳ್ಸುತ್ತೆ. ಕಾಲು ತಾನಾಗೇ ಏಳುತ್ತೆ, ನಾನೇನ್ ಮಾಡ್ಲಿ?"

ಮೇಸ್ತ್ರಿ ಬಾಯಿ ತೆರೆದ. ಏನು ಹೇಳಿದರೂ ಅದೂ ಅವಳ ಕಿವಿಯಲ್ಲೇ ಉಳಿದುಬಿಟ್ಟೀತೆಂದು ಹೆದರಿ ಮುಚ್ಚಿಕೊಂಡ.