ಸಾಹೇಬರಿಲ್ಲದ ಫೋಟೊ

ಮೂರು ವರ್ಷದ ಹಿಂದಿನ ಬೇಸಿಗೆ. ಶ್ರೀರಂಗಪಟ್ಟಣದಲ್ಲಿದ್ದುಕೊಂಡು ಒಂದು ದಿನಪತ್ರಿಕೆಗೆ ಸುತ್ತಲ ತಾಲ್ಲೂಕುಗಳ ಫೋಟೊ ತೆಗೆಯುವುದು ಆಗ ನನ್ನ ಕೆಲಸ. ಪಾಂಡವಪುರದ ಹತ್ತಿರದ ಈಜುಕೊಳವೊಂದರಲ್ಲಿ ನಾಲ್ಕು ತಾಲ್ಲೂಕಿನ ಹುಡುಗಿಯರಿಗೆ ಸ್ಪರ್ಧೆ ಇತ್ತು. ಗೆದ್ದವಳಿಗೆ ಜಿಲ್ಲಾ ತಂಡದಲ್ಲಿ ಜಾಗ.

ಈಜಿನ ಫೋಟೊ ಅಂದರೆ ನಮ್ಮ ಕಡೆ ಒಂದೇ ಫೋಟೊ. ಮುಂದೆ ಹಾರ ಹಾಕಿಸಿಕೊಂಡ ಅತಿಥಿ, ಹಿಂದೆಲ್ಲೋ ಒಂದಿಷ್ಟು ನೀರು. ಈಜಿದವರು ಯಾರೋ, ದೇವರಿಗೇ ಗೊತ್ತು. ಅದನ್ನು ನೋಡಿ ನೋಡಿ ನನಗೆ ವಾಕರಿಕೆ ಬಂದಿತ್ತು. ಆ ದಿನ ಈಜು ಮುಗಿಯುವ ತುದಿಯಲ್ಲಿ ಬೋರಲಾಗಿ ಮಲಗಿ, ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ಇಳಿಸಿದೆ. ಹಾಕಿದ್ದು ವೈಡ್ ಆಂಗಲ್ ಲೆನ್ಸ್. ಎದುರಿಗಿರುವುದರ ಜೊತೆಗೆ ಹಿಂದಿನದ್ದನ್ನೂ ಅಗಲವಾಗಿ ಹಿಡಿಯುತ್ತದೆ.

"ಏನಣ್ಣ, ಮೊಸಳೆ ಹಿಡಿಯಾಕೆ ಮಲ್ಗಿದ್ದೀಯಾ?" ಉಳಿದ ಫೋಟೊಗ್ರಾಫರುಗಳು ನಕ್ಕರು.

ಅತಿಥಿಯಾಗಿ ಬರಬೇಕಿದ್ದ ಸಾಹೇಬರ ಸುಳಿವಿಲ್ಲ. ಹುಡುಗಿಯರು ಬಿಸಿಲಲ್ಲಿ ಬೇಯುತ್ತಿದ್ದರು. ತೀರ್ಪುಗಾರರು ಬೇಸತ್ತು ಸೀಟಿ ಊದಿದರು. ಬೆಳಗೊಳದ ಚೈತ್ರ ಎಲ್ಲರಿಗಿಂತ ಮುಂದೆ ಬಂದು, ನನ್ನ ಮೂಗಿನೆದುರೇ ಗೋಡೆ ಮುಟ್ಟಿದಳು.

ಆಮೇಲೆ ಸಾಹೇಬರ ಕಾರು ಬಂತು. ಸ್ಪರ್ಧೆ ನಡೆಸುತ್ತಿದ್ದ ಸಂಘದ ಕಾರ್ಯದರ್ಶಿ ಹುಡುಗಿಯರ ಬಳಿ ಓಡಿದ.

"ಇನ್ನೊಂದ್ ಕಿತ ಈಜ್ಬುಡ್ರವ್ವ. ಸಾಯೇಬ್ರು ನೋಡ್ಬೇಕು."

"ನಾನ್ ಗೆದ್ದಾಯ್ತಲ್ಲ ಸಾ?" ಚೈತ್ರ ಕೇಳಿದಳು.

"ಗೆದ್ದಿದ್ದೀಯ ಕಣವ್ವ. ಇದು ಬರೀ ಫೋಟೊಕ್ಕೆ."

ಫೋಟೊಕ್ಕೆ ತಾನೇ ಎಂದು ದಣಿದಿದ್ದ ಹುಡುಗಿ ನಿಧಾನವಾಗಿ ಈಜಿ ಮೂರನೆಯವಳಾದಳು. ಸಾಹೇಬರು ತಮ್ಮ ಕಣ್ಣೆದುರು ಮೊದಲು ಬಂದ ನಾಗಮಂಗಲದ ಹುಡುಗಿಗೆ ಪದಕ ಹಾಕಿ, ಜಿಲ್ಲಾ ತಂಡಕ್ಕೆ ಅವಳೇ ಎಂದು ಮೈಕಿನಲ್ಲಿ ಸಾರಿಯೂ ಬಿಟ್ಟರು. ಕಾರ್ಯದರ್ಶಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ತೀರ್ಪುಗಾರರು ತಂತಮ್ಮ ಬೂಟು ನೋಡಿಕೊಂಡು ನಿಂತರು. ಅಷ್ಟು ಮಂದಿ ಪುಕ್ಕಲರನ್ನು ಒಂದೇ ಕಡೆ ನಾನು ಕಂಡಿರಲಿಲ್ಲ. ಚೈತ್ರ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂತಳು.

ನನಗೆ ಮೈಯೆಲ್ಲ ಉರಿಯಿತು. ವೇದಿಕೆ ಹತ್ತಿ ಕ್ಯಾಮೆರಾದ ಪರದೆಯನ್ನು ಸಾಹೇಬರ ಮುಂದೆ ಹಿಡಿದೆ. ಗೋಡೆ ಮುಟ್ಟಿದ ಚೈತ್ರ, ಹಿಂದೆ ಉಳಿದವರ ತಲೆಗಳು, ಆಚೆ ತುದಿಯಲ್ಲಿ ವೇದಿಕೆ. ಅವರು ಹುಡುಗಿಯನ್ನು ನೋಡಲೇ ಇಲ್ಲ.

"ಚೆನ್ನಾಗದೆ. ಇದ್ರಲ್ಲಿ ನಾನೆಲ್ಲಿವ್ನಿ?"

"ಅಗೋ, ಖಾಲಿ ಕುರ್ಚಿ ಅದೆಯಲ್ಲ ಸಾರ್, ಅದು ನಿಮ್ದು. ನೀವಿನ್ನೂ ಬಂದಿರ್ಲಿಲ್ಲ. ರೇಸು ಆಗಿದ್ದು ಆಗ."

ಮೈಕು ಆನ್ ಆಗಿಯೇ ಇತ್ತು. ಹೆತ್ತವರ ಗುಂಪಿನಲ್ಲಿ ನಗೆ ಎದ್ದಿತು. ಸಾಹೇಬರು ಕೆಂಪಗಾಗಿ ಕಾರ್ಯದರ್ಶಿಯತ್ತ ತಿರುಗಿದರು. "ಅಂಗಾದ್ರೆ ನಂಗೆ ತೋರ್ಸಿದ್ದೇನ್ಲಾ?"

ತೀರ್ಪುಗಾರರಿಗೆ ಆಗ ಮಾತು ಬಂತು. ಗೆದ್ದವಳು ಚೈತ್ರಳೇ, ತಂಡಕ್ಕೆ ಹೋಗುವವಳೂ ಅವಳೇ ಎಂದರು. ನಾಗಮಂಗಲದ ಹುಡುಗಿ ತಾನಾಗಿಯೇ ಪದಕ ಬಿಚ್ಚಿ ಕೊಟ್ಟಳು. ಅಲ್ಲಿ ನಾಚಿಕೆ ಎನ್ನುವುದು ಇದ್ದದ್ದು ಅವಳೊಬ್ಬಳಿಗೆ.

ಅದೇ ಪದಕವನ್ನು ಚೈತ್ರಳಿಗೆ ಹಾಕುವಾಗಲೂ ಸಾಹೇಬರು ಅವಳ ಕಡೆ ನೋಡದೆ ಕ್ಯಾಮೆರಾಗಳತ್ತ ಹಲ್ಲು ಕಿರಿದರು. ಉಳಿದವರು ಕ್ಲಿಕ್ಕಿಸಿದರು. ನಾನು ಲೆನ್ಸಿಗೆ ಮುಚ್ಚಳ ಹಾಕಿದೆ. ಈಜಿನ ಫೋಟೊವನ್ನು ಹೊಸದಾಗಿ ತೆಗೆಯುವುದು ಹೇಗೆಂದು ಈಗಲೂ ಕೆಲವರು ಕೇಳುತ್ತಾರೆ. ವೃತ್ತಿ ನನಗೆ ಕಲಿಸಿದ್ದನ್ನೇ ಹೇಳುತ್ತೇನೆ: ಒದ್ದೆಯಾದವರ ಕಡೆ ತಿರುಗಿ ನಿಲ್ಲಿ.