ಅತ್ತೆ ರಸ್ತೆಯಲ್ಲಿ ಕುಳಿತು ಆರಿಸಿದ ಟಿವಿ

ಭರತೇಶ, ಪದ್ಮಶ್ರೀ, ನಿಮ್ಮ ಮುತ್ತಜ್ಜಿಯ, ಅಂದರೆ ನನ್ನ ಅತ್ತೆಯ, ಬಲಗೈ ಹೆಬ್ಬೆರಳಿನ ಉಗುರು ಉಳಿದವುಗಳಿಗಿಂತ ಉದ್ದವಾಗಿ, ಹಳದಿಯಾಗಿ, ತುದಿಯಲ್ಲಿ ಚೂಪಾಗಿತ್ತು. ಆ ಉಗುರಿನಿಂದ ಅವರು ತುಕ್ಕಾನಟ್ಟಿಯ ಅರ್ಧ ಊರಿನ ಕಾಲುಗಳಿಂದ ಜಾಲಿಮುಳ್ಳು ಕಿತ್ತಿದ್ದರು. ಮಕ್ಕಳ ಕಣ್ಣಲ್ಲಿ ಕಸ ಬಿದ್ದರೆ ತಾಯಂದಿರು ಎತ್ತಿಕೊಂಡು ಬರುತ್ತಿದ್ದದ್ದು ಅವರ ಹತ್ತಿರ. ಸಂಜೆಯ ಮಬ್ಬಿನಲ್ಲೂ ಅವರು ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುತ್ತಿದ್ದರು. ಇದನ್ನು ಮೊದಲೇ ಬರೆಯುತ್ತಿದ್ದೇನೆ, ಏಕೆಂದರೆ ಊರಲ್ಲಿ ಯಾರನ್ನು ಕೇಳಿದರೂ ಆ ಮುದುಕಿಗೆ ಕಣ್ಣು ಕಾಣುತ್ತಿರಲಿಲ್ಲ ಎನ್ನುತ್ತಾರೆ. ಕಾಣುತ್ತಿತ್ತು. ಸಾಯುವ ದಿನದವರೆಗೂ ಕಾಣುತ್ತಿತ್ತು.

ಹೋದ ವಾರ ನೀವಿಬ್ಬರೂ ನಿಮ್ಮ ಅಪ್ಪನ ಜೊತೆ ಹೊಸ ಟಿವಿಯ ಬಗ್ಗೆ ವಾದ ಮಾಡುತ್ತಿದ್ದಿರಿ. ಒಬ್ಬರಿಗೆ ಗೇಮ್ ಆಡಲು ಬೇಕು, ಒಬ್ಬರಿಗೆ ಮನೆಯಲ್ಲೇ ಥೇಟರಿನಂತೆ ಸಿನಿಮಾ ನೋಡಬೇಕು. ಪರದೆ ಎಷ್ಟು ದೊಡ್ಡದಿರಬೇಕು, ಬೆಳಕು ಎಷ್ಟಿರಬೇಕು, ಎಷ್ಟು ದೂರ ಕುಳಿತರೆ ಸರಿ ಎಂದು ಫೋನಿನಲ್ಲಿ ಓದಿ ಓದಿ ಹೇಳುತ್ತಿದ್ದಿರಿ. ನಾನು ಒಳಗೆ ಪಲ್ಲೆಯ ಸೊಪ್ಪು ಸೋಸುತ್ತ ಕೇಳಿದೆ. ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ, ನಿಮಗೆ ಗೊತ್ತೇ ಇದೆ. ಊರ ಸಾಲೆಯಲ್ಲಿ ಕಲಿತ ನಾಲ್ಕು ಅಕ್ಷರ ಇವೆ, ಅವನ್ನೇ ಬಳಸುತ್ತೇನೆ.

ನಮ್ಮ ಮನೆಗೆ ದೊಡ್ಡ ಟಿವಿ ಬಂದದ್ದು ನಿಮ್ಮ ಅಜ್ಜ ತೀರಿಕೊಂಡ ವರ್ಷ. ಹೊಳೆಯ ದಂಡೆಯ ಪಂಪ್‌ಸೆಟ್ ಚಾಲೂ ಮಾಡಲು ಹೋದವರಿಗೆ ಕರೆಂಟು ಹೊಡೆಯಿತು. ಎತ್ತಿನ ಗಾಡಿಯಲ್ಲಿ ತಂದು ಪಡಸಾಲೆಯಲ್ಲಿ ಮಲಗಿಸಿದರು. ಕೈಬೆರಳುಗಳು ಕಪ್ಪಾಗಿದ್ದವು. ಅತ್ತೆ ಆ ಬೆರಳುಗಳನ್ನು ಒಂದೊಂದಾಗಿ ತಮ್ಮ ಸೆರಗಿನಿಂದ ಒರೆಸಿದರು, ಮಸಿ ಹತ್ತಿದೆ ಎಂಬಂತೆ. ಅಂದಿನಿಂದ ಅವರು ಮನೆಯ ಯಾವ ಸ್ವಿಚ್ಚನ್ನೂ ಮುಟ್ಟಲಿಲ್ಲ. ಲೈಟು ಹಾಕಬೇಕಾದರೆ ನನ್ನ ಮೈದುನನನ್ನೋ ನಿಮ್ಮ ಅಪ್ಪನನ್ನೋ ಕರೆಯುತ್ತಿದ್ದರು. ಇಬ್ಬರೂ ಇಲ್ಲದಿದ್ದರೆ ಕತ್ತಲಲ್ಲೇ ಕೂರುತ್ತಿದ್ದರು.

ನಮ್ಮ ಮನೆತನದಲ್ಲಿ ಆಗ ಗಂಡ ಸತ್ತವಳನ್ನು ವರ್ಷದವರೆಗೆ ಮೂಲೆಗೆ ಕೂಡಿಸುತ್ತಿದ್ದರು. ಒಳಕೋಣೆಯ ಮೂಲೆಯಲ್ಲಿ ಒಂದು ಚಾಪೆ, ಒಂದು ಕಂಬಳಿ. ಬೆಳಕು ಹರಿಯುವ ಮೊದಲು ಹಿತ್ತಲಿಗೆ ಹೋಗಿ ಬಂದರೆ ಮುಗಿಯಿತು, ಮತ್ತೆ ಹೊಸ್ತಿಲು ದಾಟುವಂತಿಲ್ಲ. ಹೊರಗಿನವರಿಗೆ ಮುಖ ತೋರಿಸುವಂತಿಲ್ಲ. ಊಟ ಒಳಗೆ ಸರಿಸಲು ಕೋಣೆಯ ಬಾಗಿಲೊಂದು ತೆರೆದಿರುತ್ತಿತ್ತು. ನಾನು ಮೂಲೆ ಬಿಟ್ಟು ಏಳದಂತೆ ಕಾಯುವ ಕೆಲಸ ಬಾಜೂ ಮನೆಯ ಕಾಕೂ ತಾವಾಗಿ ವಹಿಸಿಕೊಂಡಿದ್ದರು. ಅವರು ನಮ್ಮ ಮಾವನ ತಮ್ಮನ ಹೆಂಡತಿ. ದಿನಕ್ಕೊಮ್ಮೆ ಬಂದು ಕೋಣೆಯೊಳಗೆ ಇಣುಕಿ ಹೋಗುತ್ತಿದ್ದರು. ಮೈದುನನ ಮದುವೆ ಇನ್ನೂ ಆಗಬೇಕಿತ್ತು. ಮೂಲೆ ಮುರಿದ ಮನೆಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ.

ನಾನು ಗೋಡೆಗೆ ಮುಖ ಮಾಡಿ ಕುಳಿತೆ. ಮೊದಮೊದಲು ಅಳುತ್ತಿದ್ದೆ, ಆಮೇಲೆ ಅಳುವೂ ನಿಂತಿತು. ರೊಟ್ಟಿಯ ಚೂರು ಬಾಯಲ್ಲೇ ಉಳಿಯುತ್ತಿತ್ತು, ಗಂಟಲಿಗೆ ಇಳಿಯುತ್ತಿರಲಿಲ್ಲ. ಮಾತು ಬಿಟ್ಟೆ. ಯಮಕನಮರಡಿಯಿಂದ ನನ್ನ ಅಣ್ಣ ಬಂದು ಹೊಸ್ತಿಲ ಹೊರಗೆ ಕುಳಿತು ಕರೆದ, ನನಗೆ ಓ ಎನ್ನಲೂ ಆಗಲಿಲ್ಲ. ನಿಮ್ಮ ಅಪ್ಪ ಸಾಲೆಯಿಂದ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಅವನ ನೆರಳು ಗೋಡೆಯ ಮೇಲೆ ಬೀಳುತ್ತಿತ್ತು. ನಾನು ಆ ನೆರಳನ್ನು ನೋಡುತ್ತಿದ್ದೆ, ತಿರುಗುತ್ತಿರಲಿಲ್ಲ. ಮೂಡಲಗಿಯಿಂದ ಡಾಕ್ಟರನ್ನು ಕರೆಸಿದರು. ಅವರು ನಾಡಿ ಹಿಡಿದು ನೋಡಿ, ಪಡಸಾಲೆಗೆ ಹೋಗಿ ಹೇಳಿದ್ದು ನನಗೂ ಕೇಳಿಸಿತು.

"ರೋಗ ಏನೂ ಇಲ್ಲ ಅಜ್ಜಿ. ಖರೆ, ಹಿಂಗ ಉಣದ ಕೂತರ ಈಕಿ ಉಳಿಯೂದಿಲ್ಲ."

ಅವರು ಹೋದ ಮೇಲೆ ಅತ್ತೆ ಬಂದು ನನ್ನ ಪಕ್ಕ, ನನ್ನ ಹಾಗೆಯೇ ಗೋಡೆಗೆ ಮುಖ ಮಾಡಿ ಕುಳಿತರು. ಅವರೂ ತಮ್ಮ ಕಾಲಕ್ಕೆ ಆ ಮೂಲೆಯಲ್ಲಿ ವರ್ಷ ಕಳೆದವರು.

"ಈ ಗೋಡಿ ನನಗ ಗೊತ್ತೈತಿ," ಎಂದರು. "ಇದು ಮನಷಾರನ್ನ ತಿಂತೈತಿ. ಒಬ್ಬನ್ನ ಕಳಕೊಂಡೀನಿ, ನಿನ್ನೂ ಕಳಕೊಳ್ಳೂದಿಲ್ಲ."

ಎದ್ದು ಹೋಗಿ ಎಮ್ಮೆ ಕಟ್ಟುವ ಹಗ್ಗ ತಂದರು. ಒಂದು ತುದಿಯನ್ನು ನನ್ನ ಚಾಪೆಯ ಮೇಲೆ ಕಲ್ಲು ಹೇರಿ ಇಟ್ಟು, ಹಗ್ಗ ಬಿಡುತ್ತ ಬಾಗಿಲು ದಾಟಿ ಪಡಸಾಲೆಯ ಎದುರು ಗೋಡೆಯವರೆಗೆ ಹೋದರು. ಅಲ್ಲಿ ಒಂದು ಗಂಟು ಹಾಕಿದರು. ದುಃಖಕ್ಕೆ ಅವರ ತಲೆ ಕೆಟ್ಟಿತೆಂದುಕೊಂಡೆ.

ಕಾರ್ಖಾನೆಯಿಂದ ಕಬ್ಬಿನ ಬಿಲ್ಲಿನ ಹಣ ಬಂದ ವಾರವೇ ಅವರು ಮೈದುನನನ್ನು ಕರೆದುಕೊಂಡು ಟಿವಿ ಕೊಳ್ಳಲು ಗೋಕಾಕಕ್ಕೆ ಹೊರಟರು. ಹಗ್ಗ ಹೆಗಲ ಮೇಲಿತ್ತು. ಟಿವಿಯನ್ನು ಟೆಂಪೋಗೆ ಬಿಗಿಯಲು ಎಂದು ಮೈದುನ ತಿಳಿದಿದ್ದ. ಅಂಗಡಿಯಲ್ಲಿ ನಡೆದದ್ದನ್ನು ಅವನು ಸಂಜೆ ಪಡಸಾಲೆಯಲ್ಲಿ ಕುಳಿತು ಹೇಳಿದ, ನನಗೂ ಕೇಳಲಿ ಎಂದು ದನಿ ಏರಿಸಿ.

ಅಂಗಡಿಯವ ಮೊದಲು ಸಣ್ಣ ಟಿವಿ ತೋರಿಸಿದನಂತೆ. ಹಳ್ಳಿಯವರೆಲ್ಲ ಒಯ್ಯುತ್ತಿದ್ದದ್ದು ಅದನ್ನೇ. ಅತ್ತೆ ಹಗ್ಗದ ಗಂಟನ್ನು ಮೈದುನನ ಕೈಗೆ ಕೊಟ್ಟು ಟಿವಿಯ ಹತ್ತಿರ ನಿಲ್ಲಿಸಿದರು. ತಾವು ಇನ್ನೊಂದು ತುದಿ ಹಿಡಿದು ಹಿಂದೆ ಹಿಂದೆ ಸರಿದರು. ಅಂಗಡಿ ಮುಗಿಯಿತು, ಮೆಟ್ಟಿಲು ಮುಗಿಯಿತು, ಹಗ್ಗ ಮುಗಿಯಲಿಲ್ಲ. ರಸ್ತೆಗಿಳಿದು, ಬಾಳೆಹಣ್ಣಿನ ಕೈಗಾಡಿಯ ಪಕ್ಕ, ಬಿಸಿಲಲ್ಲಿ ನೆಲದ ಮೇಲೆ ಕುಳಿತೇಬಿಟ್ಟರು. ಆಟೋದವ ಹಾರನ್ನು ಹೊಡೆದೇ ಹೊಡೆದ.

"ಏ, ಯಾರದರೀ ಈ ಮುದುಕಿ? ಎಬ್ಬಸ್ರಿ, ಗಾಲಿ ಹಾಯ್ತಾವ!"

"ಹಗ್ಗಾ ದಾಟಿ ಹೋಗೋ," ಎಂದರಂತೆ ಅತ್ತೆ, ಕಣ್ಣು ಕದಲಿಸದೆ.

ಅಂಗಡಿಯವ ಓಡಿ ಬಂದ. "ಅಜ್ಜಿ, ಟಿವಿ ಮನ್ಯಾಗ ಕೂತು ನೋಡ್ತಾರ್ರಿ, ರಸ್ತಾದಾಗ ಕೂತಲ್ಲ."

"ನಮ್ಮನಿ ದೊಡ್ಡದೈತಿ. ಈ ಡಬ್ಬಿ ಕಾಣವಲ್ದು. ದೊಡ್ಡದ ತೋರಸು."

ಅವನು ಅದಕ್ಕಿಂತ ದೊಡ್ಡದನ್ನು ಹಚ್ಚಿದ. ಅದು ಮಂಕಾಗಿತ್ತು, ಬಿಸಿಲಿನಲ್ಲಿ ಅವರಿಗೆ ಬೂದಿ ಬಣ್ಣ ಬಿಟ್ಟು ಏನೂ ಕಾಣಲಿಲ್ಲ. ಮತ್ತೊಂದು ಬೆಳಕಾಗಿತ್ತು, ಆದರೆ ಸಣ್ಣದು.

"ಅದು ದೊಡ್ಡದೈತಿ, ಬೆಳಕಿಲ್ಲ. ಇದಕ್ಕ ಬೆಳಕೈತಿ, ದೊಡ್ಡದಿಲ್ಲ. ಎರಡೂ ಇದ್ದದ್ದು ಇಲ್ಲೇನು?"

"ಐತ್ರಿ, ಅದು ದೊಡ್ಡ ಮಂದೀದು. ಥೇಟರ್ ಇದ್ದಂಗ ಐತಿ. ಹುಡುಗೂರು ಗೇಮ್ ಹಚ್ಚಿ ಆಡತಾವ. ನಿಮಗ್ಯಾಕ ಅಷ್ಟದು?"

"ನನಗ ಕಣ್ಣ ಕಾಣಂಗಿಲ್ಲಪಾ," ಎಂದರು ಅತ್ತೆ. "ಮಗನ್ನ ಅತ್ತು ಅತ್ತು ಹ್ವಾದವು."

ಮೈದುನ ಬಾಯಿ ತೆರೆದು ಅವರ ಮುಖ ನೋಡಿದನಂತೆ. ಅಂಗಡಿಯವ ಹೋಗಿ ಆ ಟಿವಿ ಹಚ್ಚಿದ. ಅತ್ತೆ ಕೈಗಾಡಿಯ ಪಕ್ಕದಿಂದಲೇ ಕೂಗಿದರು, "ಆಕಿ ಮೂಗಬಟ್ಟಿಗೆ ಕೆಂಪು ಹರಳೈತಿ, ಹೌದಿಲ್ಲೋ?" ಮೈದುನ ಬಗ್ಗಿ ನೋಡಿದ. ಹೌದು, ಪರದೆಯ ಮೇಲಿನ ಹೆಂಗಸಿನ ಮೂಗುಬಟ್ಟಿಗೆ ಕೆಂಪು ಹರಳಿತ್ತು.

ಟಿವಿ ಬಂದ ದಿನ ಕಾಕೂ ಸೊಂಟದ ಮೇಲೆ ಕೈ ಇಟ್ಟು ಪಡಸಾಲೆಯಲ್ಲಿ ನಿಂತರು.

"ಏನಕ್ಕಾ, ಮಗ ಹೋಗಿ ವರ್ಷ ತುಂಬಿಲ್ಲ, ಮನ್ಯಾಗ ಥೇಟರ್ ತಗದೆಲ್ಲ?"

"ಕಣ್ಣ ಹ್ವಾದವು ತಂಗಿ. ಸಣ್ಣದು ಕಾಣಂಗಿಲ್ಲ."

"ಕಣ್ಣ ಹ್ವಾದಾಕಿ ಮುಂಜಾನೆ ಜ್ವಾಳದಾಗಿನ ಕಲ್ಲ ಹೆಂಗ ಆರಸ್ತಿದ್ದಿ?"

"ಕೈ ಮ್ಯಾಲೆ ಗೊತ್ತಾಗ್ತೈತಿ."

"ಮತ್ತ ಟಿವಿ ಅಡ್ಡ ಯಾಕ ಇಟ್ಟಿ? ಕೂತಾವ್ರಿಗೆ ಸೊಟ್ಟ ಕಾಣತೈತಿ."

"ಬಿಸಲ ಬೀಳತೈತಿ, ಅದಕ್ಕ."

ಬಿಸಿಲಿಗೆ ಅಲ್ಲ. ಅದರ ಮುಖ ನನ್ನ ಕೋಣೆಯ ಬಾಗಿಲಿಗೆ ನೇರವಾಗಿತ್ತು. ಹಗ್ಗದ ಅರ್ಥ ನನಗೆ ಆಗ ಆಯಿತು. ಆ ಟಿವಿ ನನಗಾಗಿ ಎಂದು ತಿಳಿದರೆ ಕಾಕೂ ಮೂಲೆ ಮುರಿಯಿತೆಂದು ಕೂಗುತ್ತಿದ್ದರು, ಕಣ್ಣಿನ ಸುಳ್ಳು ಅದಕ್ಕೇ.

ಆದರೂ ನಾನು ತಿರುಗಲಿಲ್ಲ. ತಿರುಗಿದ್ದರೂ ಏನೂ ಕಾಣುತ್ತಿರಲಿಲ್ಲ. ಹೊತ್ತು ಮುಳುಗುವ ಮೊದಲೇ ಊಟ ಮುಗಿಯುವ ಜೈನರ ಮನೆ ನಮ್ಮದು. ಊಟವಾದ ಮೇಲೆ ಮೈದುನ ಟಿವಿ ಹಚ್ಚಿದರೆ ಓಣಿಯ ಜನವೆಲ್ಲ ಬಂದು ನನ್ನ ಕೋಣೆಯ ಬಾಗಿಲ ಮುಂದೆಯೇ ಕುಳಿತುಬಿಡುತ್ತಿದ್ದರು. ಅತ್ತೆ ಎಲ್ಲವನ್ನೂ ಅಳೆದಿದ್ದರು, ಊರ ಜನರ ತಲೆಗಳನ್ನು ಅಳೆದಿರಲಿಲ್ಲ. ಹಗಲು ಮನೆ ಖಾಲಿ ಇರುತ್ತಿತ್ತು. ಆದರೆ ಮೈದುನ ಹೊಲಕ್ಕೆ, ನಿಮ್ಮ ಅಪ್ಪ ಸಾಲೆಗೆ ಹೋದ ಮೇಲೆ ಸ್ವಿಚ್ಚು ಒತ್ತುವವರು ಯಾರು?

ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಕಟ್ಟಿಗೆ ಎಳೆದ ಸದ್ದಾಯಿತು. ಬಹಳ ದಿನಗಳ ಮೇಲೆ ನಾನು ಹೊರಳಿ ನೋಡಿದೆ. ಅತ್ತೆ ಊಟದ ಮಣೆಯನ್ನು ಗೋಡೆಯ ಹತ್ತಿರ ಎಳೆದು ಅದರ ಮೇಲೆ ನಿಂತಿದ್ದರು. ಕೈಯಲ್ಲಿ ರೊಟ್ಟಿಯ ಲಟ್ಟಣಿಗೆ. ಅದರ ತುದಿಯನ್ನು ಸ್ವಿಚ್ಚಿನ ಹತ್ತಿರ ಒಯ್ಯುವರು, ಹಿಂದೆ ತೆಗೆಯುವರು. ಲಟ್ಟಣಿಗೆ ಗೋಡೆಗೆ ಟಕಟಕ ಬಡಿಯುತ್ತಿತ್ತು. ಬಾಯಲ್ಲಿ ಣಮೋಕಾರ ಮಂತ್ರ ನಡೆದಿತ್ತು. ಕೊನೆಗೆ ಕಣ್ಣು ಮುಚ್ಚಿ ಒತ್ತಿದರು.

ಟಿವಿ ಹತ್ತಿತು. ಭಯಕ್ಕೆ ಅತ್ತೆಯ ಸೀರೆ ಒದ್ದೆಯಾಗಿತ್ತು. ಅವರು ಮಣೆಯಿಂದ ಇಳಿದು, ಅದರ ಮೇಲೆ ಬಟ್ಟೆಯಂತೆ ಕುಸಿದು ಕುಳಿತರು. ನನ್ನ ಕಡೆ ನೋಡಲಿಲ್ಲ.

ಒಬ್ಬ ಹೆಂಗಸು ಅಡಿಗೆ ಮಾಡಿ ತೋರಿಸುತ್ತಿದ್ದಳು. ಬದನೆಕಾಯಿ ಸೀಳಿದಳು, ಮಸಾಲೆ ತುಂಬಿದಳು, ಎಣ್ಣೆಗೆ ಬಿಟ್ಟಳು. ಬಾಗಿಲಿನಷ್ಟೇ ಅಗಲ ತುಂಬಿ ಅವಳ ಕೈಗಳು ಕಾಣುತ್ತಿದ್ದವು, ಬಳೆಗಳ ಬಣ್ಣವೂ ಕಾಣುತ್ತಿತ್ತು. ಕೊನೆಗೆ ಕೊತ್ತಂಬರಿ ಉದುರಿಸಿ ನಕ್ಕಳು.

"ಅತ್ತಿ," ಎಂದೆ. ಗಂಟಲು ತುಕ್ಕು ಹಿಡಿದಂತಿತ್ತು. "ಆಕಿ ಉಪ್ಪ ಹಾಕಲಿಲ್ಲ."

ಅತ್ತೆ ಲಟ್ಟಣಿಗೆಯನ್ನು ಮಡಿಲಲ್ಲಿಟ್ಟು ಸೆರಗಿನಿಂದ ಒರೆಸಿದರು. ಆಮೇಲೆ ಬೆನ್ನು ತಿರುಗಿಸಿಕೊಂಡೇ ಹೇಳಿದರು, "ಹಾಕಲಿಲ್ಲಂದ್ರ ಸಪ್ಪಗ ಉಣ್ಣಲಿ ಬಿಡು. ನೀ ಉಣತಿಯೇನು?"

ಆ ಸಂಜೆ ಅರ್ಧ ರೊಟ್ಟಿ ಇಳಿಯಿತು. ಮರುದಿನವೂ ಅವರು ಮಣೆ ಹತ್ತಿದರು. ಲಟ್ಟಣಿಗೆಯ ಟಕಟಕ ಕೊನೆಯವರೆಗೂ ನಿಲ್ಲಲಿಲ್ಲ.

ಸ್ವಲ್ಪ ದಿನದಲ್ಲಿ ನಿಮ್ಮ ಅಪ್ಪ ಗೆಳೆಯನ ಹತ್ತಿರದಿಂದ ಒಂದು ಗೇಮ್ ತಂದು ಅದಕ್ಕೆ ಹಚ್ಚಿದ. ಕಾರು ಓಡಿಸುವ ಆಟ. ಕಾಕೂ ಬಂದು ಕುಳಿತಿದ್ದರು. ಅತ್ತೆ ಕಣ್ಣು ಕಾಣದವರಂತೆ ಗೋಡೆಗೆ ಒರಗಿದ್ದವರು ಒಮ್ಮೆಲೇ ಚೀರಿದರು, "ಎಡಕ್ಕೋ! ಎಡಕ್ಕ ತಿರಗಸೋ, ಕುರುಡಾ!"

ಕಾಕೂ ಹುಬ್ಬು ಏರಿಸಿದರು. "ಕಾಣಂಗಿಲ್ಲ ಅಂತಿದ್ದಿ?"

"ಸಪ್ಪಳದ ಮ್ಯಾಲೆ ಹೇಳಿದೆ."

ಕೋಣೆಯೊಳಗೆ ನಾನು ಸೆರಗು ಬಾಯಿಗೆ ತುರುಕಿಕೊಂಡೆ. ನಿಮ್ಮ ಅಜ್ಜ ಹೋದ ಮೇಲೆ ನಗು ಬಂದದ್ದು ಅದೇ ಮೊದಲು.

ಆದರೆ ಆ ಸುಳ್ಳಿಗೆ ಅವರು ತೆತ್ತದ್ದು ದೊಡ್ಡದು. ಕಾಕೂ ಕಣ್ಣಿಟ್ಟಿದ್ದರಿಂದ ಅವರು ಸೂಜಿ ಹಿಡಿಯುವುದನ್ನು ಬಿಟ್ಟರು. ಬಸದಿಗೆ ಹೋಗುವಾಗ ಯಾರದೋ ಕೈ ಹಿಡಿದು ಹೋದರು. ಒಂದು ದಿನ ಕೆಳಗಿನ ಓಣಿಯವಳು ಮಗಳನ್ನು ಎತ್ತಿಕೊಂಡು ಓಡಿ ಬಂದಳು, ಅಂಗಾಲಿನಲ್ಲಿ ಮುಳ್ಳು ಮುರಿದಿತ್ತು. ಮಗು ಕಿರುಚುತ್ತಿತ್ತು. ಕಾಕೂ ಕಟ್ಟೆಯ ಮೇಲಿದ್ದರು. ಅತ್ತೆಯ ಕೈ ಮಗುವಿನ ಕಾಲಿನವರೆಗೆ ಹೋಗಿ ನಿಂತಿತು.

"ನನಗ ಕಾಣಂಗಿಲ್ಲವ್ವಾ. ಬ್ಯಾರೆ ಯಾರಿಗರೆ ತೋರಸು."

ಅವಳು ಹೋದ ಮೇಲೆ ಅತ್ತೆ ಹಿತ್ತಲಿಗೆ ಹೋಗಿ ಕುಡಗೋಲಿನಿಂದ ಆ ಉದ್ದ ಉಗುರನ್ನು ಕತ್ತರಿಸಿಕೊಂಡರು. ಆಮೇಲೆ ಬೆಳೆಯಗೊಡಲಿಲ್ಲ. ಮುಳ್ಳು ತೆಗೆಸಿಕೊಳ್ಳಲು ಮತ್ತೆ ಯಾರೂ ನಮ್ಮ ಮನೆಗೆ ಬರಲಿಲ್ಲ. ಓಣಿಯವರು ಅವರನ್ನು ಟಿವಿ ಮುದುಕಿ ಎಂದು ಕರೆದರು. ಮಗನ ತಿಥಿಗಿಂತ ಮೊದಲು ಥೇಟರ್ ತಂದವಳು ಎಂದು ಹೊಸ ಸೊಸೆಯಂದಿರಿಗೆ ತೋರಿಸಿ ಹೇಳಿದರು.

ವರ್ಷ ತುಂಬಿ ನಾನು ಹೊರಗೆ ಬಂದೆ. ಮೈದುನನ ಮದುವೆಯಾಯಿತು. ಇನ್ನಾದರೂ ನಿಜ ಹೇಳಬಹುದಲ್ಲವೇ ಎಂದು ನಾನು ಕೇಳಿದೆ. ಅತ್ತೆ ಬೇಡವೆಂದು ತಲೆಯಾಡಿಸಿದರು.

ಕೆಲವು ವರ್ಷಗಳ ಮೇಲೆ ಬಚ್ಚಲಲ್ಲಿ ಜಾರಿ ಅವರ ಸೊಂಟ ಮುರಿಯಿತು. ಹಾಸಿಗೆ ಬಿಟ್ಟು ಏಳಲಿಲ್ಲ. ನೋಡಲು ಬಂದ ಹೆಂಗಸರು ಅವರ ಮುಖದ ಮುಂದೆಯೇ ಒಬ್ಬರಿಗೊಬ್ಬರು ಸನ್ನೆ ಮಾಡಿ, ಬಾಯಿ ಸೊಟ್ಟ ಮಾಡಿ ನಗುತ್ತಿದ್ದರು. ಮುದುಕಿಗೆ ಕಾಣುವುದಿಲ್ಲವಲ್ಲ. ಅತ್ತೆ ಎಲ್ಲವನ್ನೂ ನೋಡುತ್ತ ಮಲಗಿದ್ದರು. ನನಗೆ ತಡೆಯಲಾಗಲಿಲ್ಲ.

"ನಾ ಇವತ್ತು ಎಲ್ಲಾರ ಮುಂದ ಹೇಳತೇನ್ರಿ ಅತ್ತಿ."

ಅವರು ನನ್ನ ಮಣಿಕಟ್ಟು ಹಿಡಿದರು. "ಹೇಳಬ್ಯಾಡ. ಇನ್ನೂ ಯಾರ್ಯಾರ ಮನ್ಯಾಗ ಯಾವ್ಯಾವ ಹುಡುಗೇರು ಮೂಲಿಗೆ ಕೂಡಾವ್ರದಾರೋ. ಈ ಮಾತ ಗೊತ್ತಾತಂದ್ರ ಇವ್ರು ಮದಲ ಬಾಗಲಾ ಹಾಕ್ತಾರ. ನನಗ ಕುರುಡಿ ಅನ್ನಲಿ. ಬಾಗಲಾ ತೆರದಿರಲಿ."

ಕೊನೆಗೆ ಎರಡು ದಿನ ಅನ್ನ ಬಿಟ್ಟಿದ್ದರು, ಆಮೇಲೆ ನೀರನ್ನೂ ಬಿಟ್ಟರು. ಹೋಗುವಾಗ ಕಣ್ಣುಗಳು ತೆರೆದೇ ಇದ್ದವು. ಕಾಕೂ ಬಗ್ಗಿ ಅವನ್ನು ಮುಚ್ಚುತ್ತ, "ಪಾಪ, ಏನೂ ಕಾಣದ ಹ್ವಾದಳು," ಎಂದರು. ನಾನು ಅತ್ತೆಗೆ ಮಾತು ಕೊಟ್ಟಿದ್ದೆ.

ಈಗ ನಮ್ಮ ಮನೆತನದಲ್ಲಿ ಯಾರನ್ನೂ ಮೂಲೆಗೆ ಕೂಡಿಸುವುದಿಲ್ಲ. ಕಾಕೂ ಇಲ್ಲ, ಮೈದುನನೂ ಇಲ್ಲ. ಮುಚ್ಚಬಹುದಾದ ಬಾಗಿಲು ಉಳಿದಿಲ್ಲವೆಂದೇ ಇದನ್ನು ಬರೆದೆ. ಊರಿನ ಬಾಯಲ್ಲಿ ಅವರು ಇನ್ನೂ ಮಗನ ದುಃಖ ಮರೆತು ಟಿವಿ ತಂದ ಮುದುಕಿ. ಹಾಗಲ್ಲ ಎನ್ನಲು ನಾನೊಬ್ಬಳಿದ್ದೇನೆ, ನಾಳೆ ನಾನೂ ಇರುವುದಿಲ್ಲ. ಈ ಹಾಳೆಗಳನ್ನು ನೀರು ತಾಗದ, ಗೆದ್ದಲು ಹತ್ತದ ಕಡೆ ಇಡಿ, ಮಕ್ಕಳೇ.